ಎಂ.ಜಿ. ರಸ್ತೆಯ ಹಳೇ ಎರಡಂತಸ್ತಿನ ಮಳಿಗೆ: ಗಾರೆ ಉದುರ್ತಿದೆ, ತೊಲೆ ತುಕ್ಕು ಹಿಡಿದಿದೆ. ಸಿಮೆಂಟ್ ಹೊಡೆಸೋದಾ, ಬೇಡ್ವಾ?

ಕೋಟೆ_ಕೇರಿ

ಚಿಕ್ಕಮಗಳೂರು ಎಂ.ಜಿ. ರಸ್ತೆ ಆಸುಪಾಸಿನ ಹಳೇ ಮಳಿಗೆ ಕಟ್ಟಡ. ರಸ್ತೆ ಕಡೆ ಮುಖ 30 ಅಡಿ. ಕೆಳಗೆ ಮೂರು ಅಂಗಡಿ, ಮೇಲಂತಸ್ತು ಖಾಲಿ. ಪಕ್ಕಾ ವಿಕ್ಟೋರಿಯನ್ ನಮೂನೆ: ಅರ್ಧವೃತ್ತದ ಕಮಾನುಗಳು, ಕಮಾನಿನ ನೆತ್ತಿಯಲ್ಲಿ ಕೀಲುಗಲ್ಲು, ಗೋಡೆಗಂಟಿದ ಚಪ್ಪಟೆ ಕಂಬಗಳು, ಉದ್ದಕ್ಕೂ ಗಾರೆಯ ಕಾರ್ನಿಸ್ (ಗೋಡೆಯಿಂದ ಹೊರಚಾಚಿದ ಅಲಂಕಾರದ ಪಟ್ಟಿ), ಅದರ ಮೇಲೆ ಪ್ಯಾರಪೆಟ್. ಫುಟ್‌ಪಾತ್ ಮೇಲೆ ಚಾಚಿದ 6 ಅಡಿ ಬಾಲ್ಕನಿಗೆ ನಾಲ್ಕು ಬೀಡು ಕಬ್ಬಿಣದ ಕಂಬ ಆಸರೆ. ಬಾಲ್ಕನಿಯ ತಳ, ಒಳಗಿನ ಮಹಡಿ ಎರಡೂ ಜಾಕ್ ಆರ್ಚ್: ಉಕ್ಕಿನ ತೊಲೆ, ನಡುವೆ ಇಟ್ಟಿಗೆ ಕಮಾನು. ಮೇಲೆ ಮಂಗಳೂರು ಹೆಂಚು. ಮುಂದಿನ ಇಳಿಜಾರಿನ ನೀರು ಪ್ಯಾರಪೆಟ್ ಹಿಂದಿನ ದೋಣಿಗೆ (ಮಳೆನೀರು ಹರಿಯೋ ಕಾಲುವೆಗೆ) ಬೀಳುತ್ತೆ.

ತೊಂದರೆಗಳು:
– ಮುಂದಿನ ಗೋಡೆ ಮೇಲ್ಭಾಗದಲ್ಲಿ ಉಪ್ಪು ಕಾರುತ್ತೆ, ಗಾರೆ ಅಂಗೈ ಅಗಲ ಅಂಗೈ ಅಗಲ ಉದುರುತ್ತೆ. ಹಿಂದೆ ಯಾರೋ ಸಿಮೆಂಟ್ ಬಳಿದ ಕಡೆ ಇಟ್ಟಿಗೆಯ ಮುಖವೂ ಸೇರಿ ಕಿತ್ತು ಬರ್ತಿದೆ.
– ಬಾಲ್ಕನಿ ತೊಲೆಗಳ ತಳ ಹಾಳೆ ಹಾಳೆಯಾಗಿ ತುಕ್ಕು ಬಿಡ್ತಿದೆ.
– ಕಾರ್ನಿಸ್‌ನಲ್ಲಿ ಅರಳಿ ಸಸಿ ಎದ್ದಿದೆ.

ಗುತ್ತಿಗೆದಾರರು ಹೇಳೋದು: ಗೋಡೆಗೆಲ್ಲ ಚಿಕನ್ ಮೆಶ್ ಹೊಡೆದು 1:4 ಸಿಮೆಂಟ್ ಪ್ಲಾಸ್ಟರ್, ಮಹಡಿ ಮೇಲೆ 4 ಇಂಚು ಆರ್‌ಸಿಸಿ, ಕಬ್ಬಿಣಕ್ಕೆ ಪೇಂಟ್. ಮಳೆಗಾಲಕ್ಕೆ ಮುಂಚೆ ಮುಗಿಸ್ತಾರಂತೆ. ಸಂಕ್ರಾಂತಿ ಈಗಷ್ಟೇ ಕಳೆದಿದೆ. ಸರಿಯಾದ ಕ್ರಮ ಯಾವುದು? ಇನ್ನೊಂದು ಪ್ರಶ್ನೆ, ತೊಲೆ ಮೇಲೆ ‘ಡಾರ್ಮನ್ ಲಾಂಗ್, ಮಿಡಲ್ಸ್‌ಬರೋ, ಇಂಗ್ಲೆಂಡ್’ ಅಂತ ಅಚ್ಚಿದೆ, ಹೆಂಚಿನಲ್ಲಿ ‘ಬಾಸೆಲ್ ಮಿಷನ್ 1865’. ಹಾಗಾದ್ರೆ ಕಟ್ಟಡ 1865ರದ್ದಾ?

ಗಾರೆಗಾಣ

ಗೋಡೆ ಆಮೇಲೆ ನೋಡೋಣ. ಮೊದಲು ಒಂದು ಲೆಕ್ಕ ಹೇಳಿ: ಆ ದೋಣಿಗೆ ಎಷ್ಟು ಚದರಡಿ ಮಾಡಿನ ನೀರು ಬರುತ್ತೆ, ಕೆಳಗಿಳಿಯೋ ಪೈಪು ಎಷ್ಟು ಇಂಚು, ಎಷ್ಟಿವೆ?

ಕೋಟೆ_ಕೇರಿ

ಮುಂದಿನ ಇಳಿಜಾರು ಮೇಲಿಂದ ನೋಡಿದ ಅಳತೆಯಲ್ಲಿ 30 × 20 ಅಡಿ, ಅಂದ್ರೆ 600 ಚದರಡಿ. ಪೈಪು ಒಂದೇ, 3 ಇಂಚಿನ ಪಿವಿಸಿ, ಎಡಮೂಲೆಯಲ್ಲಿ. ಬಲಮೂಲೆಯಲ್ಲಿ ಹಳೇ ಕಬ್ಬಿಣದ ಪೈಪಿನ ಬಾಯಿ ಇದೆ, ಸಿಮೆಂಟ್ ಹಾಕಿ ಮುಚ್ಚಿದ್ದಾರೆ.

ಗಾರೆಗಾಣ

ನಿಮ್ಮ ಗೋಡೆಯ ರೋಗ ಅಲ್ಲೇ ಇದೆ.

ಗಂಟೆಗೆ 100 ಮಿ.ಮೀ. ಮಳೆ ಅಂತ ಹಿಡಿದ್ರೆ 3 ಇಂಚಿನ ಪೈಪು ಸುಮಾರು 20 ಚದರ ಮೀಟರ್ ಮಾಡಿನ ನೀರು ಇಳಿಸುತ್ತೆ, ಅಂದ್ರೆ 220 ಚದರಡಿ. 4 ಇಂಚಿಂದು ಸುಮಾರು 42 ಚದರ ಮೀಟರ್, 450 ಚದರಡಿ. ನಿಮ್ಮ 600 ಚದರಡಿಗೆ ಕಡಿಮೆ ಅಂದ್ರೂ ಎರಡು 4 ಇಂಚಿನ ಪೈಪು ಬೇಕು. ಕಟ್ಟಿದವರಿಗೆ ಅದು ಗೊತ್ತಿತ್ತು, ಎರಡೂ ಮೂಲೆಗೆ ಇಟ್ಟಿದ್ರು. ಒಂದನ್ನ ಮುಚ್ಚಿ ಇನ್ನೊಂದನ್ನ ಸಣ್ಣದು ಮಾಡಿದ ಮೇಲೆ, ಪುಷ್ಯ ಮಳೆ ಹಿಡಿದುಕೊಂಡಾಗ ದೋಣಿ ತುಂಬಿ ನೀರು ಎಲ್ಲಿಗೆ ಹೋಗಬೇಕು? ಪ್ಯಾರಪೆಟ್ ಬುಡಕ್ಕೆ, ಅಲ್ಲಿಂದ ಗೋಡೆಯ ಹೊಟ್ಟೆಗೆ, ಅಲ್ಲಿಂದ ಬಾಲ್ಕನಿ ತೊಲೆಯ ತುದಿಗೆ. ನೀವು ಬರೆದ ಮೂರೂ ತೊಂದರೆಗೆ ಇದೊಂದೇ ಬೇರು. ಬಿಸಿಲ ದಿನ ನಾಲ್ಕು ಬಕೆಟ್ ನೀರು ದೋಣಿಗೆ ಸುರಿದು ನೋಡಿ, ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗುತ್ತೆ.

ಪ್ಯಾರಪೆಟ್ ಹಿಂದೆ ದೋಣಿ ಅಡಗಿಸೋದು ಲಂಡನ್ ಮಳೆಗೆ ಒಪ್ಪುವ ಉಪಾಯ, ಮಲೆನಾಡಿನ ಸೆರಗಿಗೆ ಅಷ್ಟಕ್ಕಷ್ಟೇ. ನಮ್ಮವರ ಮನೆಯಲ್ಲಿ ಸೂರು ಗೋಡೆಯಿಂದ ಎರಡಡಿ ಆಚೆ ಚಾಚಿರೋದು ಸುಮ್ನೆ ಅಲ್ಲ. ಆದ್ರೆ ಮುಖದ ಅಂದವೇ ಆ ಪ್ಯಾರಪೆಟ್. ಅದನ್ನ ಉಳಿಸ್ಕೊಂಡೇ ದೋಣಿ ಸರಿಮಾಡಬೇಕು:

ದೋಣಿಯ ಅಗಲ ಕನಿಷ್ಠ 10–12 ಇಂಚು ಇರಲಿ, ಆಳು ಕಾಲಿಟ್ಟು ಕಸ ತೆಗೆಯೋ ಹಾಗೆ. ಕಿರಿದಾಗಿದ್ರೆ ಹೆಂಚಿನ ಮೇಲೇ ತುಳೀತಾರೆ, ಒಡೀತಾರೆ. ನಡುವೆ ಎತ್ತರ ಕೊಟ್ಟು ಎರಡೂ ಮೂಲೆಗೆ ನೂರಕ್ಕೆ ಒಂದರ ಇಳಿಜಾರು. 15 ಅಡಿಗೆ ಹೆಚ್ಚೂಕಡಿಮೆ 1¾ ಇಂಚು ಇಳಿಯುತ್ತೆ. ತಗಡು ಹಾಕೋದಾದ್ರೆ ಜೋಡಣೆಯಲ್ಲಿ 6 ಇಂಚು ಒಂದರ ಮೇಲೊಂದು ಬರಲಿ, ಹೆಂಚಿನ ಕಡೆ ತಗಡಿನ ಅಂಚು ಮೊದಲ ರೀಪಿನ ಮೇಲೆ ಹತ್ತಿ ಕೂರಲಿ. ಜಿಐ ತಗಡನ್ನ ಹಸಿ ಸುಣ್ಣದ ಗಾರೆಗೆ ನೇರ ತಾಗಿಸಬೇಡಿ, ಸತುವಿನ ಲೇಪ ತಿಂದುಬಿಡುತ್ತೆ. ನಡುವೆ ಟಾರ್ ಫೆಲ್ಟ್ ಹಾಸಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಪ್ಯಾರಪೆಟ್‌ನಲ್ಲಿ ಹೊರಕ್ಕೆ ಒಂದು ತುರ್ತು ಕಂಡಿ. ದೋಣಿಯ ತುಟಿಗಿಂತ ಒಂದು ಇಂಚು ಕೆಳಗೆ, ಗೋಡೆಯಿಂದ 6 ಇಂಚು ಆಚೆ ನೀರು ಉಗುಳೋ ಹಾಗೆ. ಎರಡೂ ಪೈಪು ಪಾರಿವಾಳದ ಗೂಡಿಂದ ಕಟ್ಟಿಕೊಂಡ್ರೂ ನೀರು ಗೋಡೆ ಒಳಗೆ ಇಳಿಯಲ್ಲ. ಜೊತೆಗೆ ಆ ಕಂಡಿಯಲ್ಲಿ ನೀರು ಬಿತ್ತು ಅಂದ್ರೆ ಪೈಪು ಕಟ್ಟಿದೆ ಅಂತ ಕೆಳಗಿನ ಅಂಗಡಿಯವರೇ ಬೊಬ್ಬೆ ಹಾಕ್ತಾರೆ.

ಬಿಎಂ_ರೋಡ್_ಹಾಸನ

ಇಷ್ಟೆಲ್ಲ ಯಾಕೆ ಸಾರ್? ಸಡಿಲ ಇರೋದನ್ನ ಕೆತ್ತಿ, ವಾಟರ್‌ಪ್ರೂಫ್ ಕೆಮಿಕಲ್ ಸೇರಿಸಿ ಸಿಮೆಂಟ್ ಹೊಡೆದು, ಒಳ್ಳೇ ಎಕ್ಸ್‌ಟೀರಿಯರ್ ಪೇಂಟ್ ಎರಡು ಕೋಟ್. ಹಾಸನದಲ್ಲಿ ಹಳೇ ಕಟ್ಟಡಕ್ಕೆಲ್ಲ ಇದನ್ನೇ ಮಾಡೋದು.

ಗಾರೆಗಾಣ

ಮಾಡ್ತಾರೆ. ನಾಲ್ಕು ಮಳೆಗಾಲ ಕಳೆದ ಮೇಲೆ ಅದೇ ಗೋಡೆ ನೋಡಿ.

ಹಳೇ ಇಟ್ಟಿಗೆ ಮೃದು, ಸುಣ್ಣದ ಗಾರೆ ಇನ್ನೂ ಮೃದು. ಗೋಡೆ ಒಳಗಿನ ತೇವ ಗಾರೆಯ ಮೂಲಕ ಹೊರಗೆ ಆರಿ ಹೋಗೋ ಹಾಗೆ ಕಟ್ಟಿದ್ದು ಅದು. ಸಿಮೆಂಟ್ ಗಟ್ಟಿ, ತೇವ ಬಿಟ್ಟುಕೊಡಲ್ಲ. ಬಿಸಿಲಿಗೆ ಸಿಮೆಂಟ್ ಒಂದು ರೀತಿ ಹಿಗ್ಗುತ್ತೆ, ಇಟ್ಟಿಗೆ ಇನ್ನೊಂದು ರೀತಿ. ಕೂದಲೆಳೆ ಬಿರುಕು ಬಿಡುತ್ತೆ. ಬಿರುಕಲ್ಲಿ ಒಳಗೆ ಹೋದ ನೀರಿಗೆ ಹೊರಬರೋ ದಾರಿ ಇಲ್ಲ. ಸಿಮೆಂಟಿನ ಬೆನ್ನಲ್ಲೇ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನ ಒದ್ದು ತಳ್ಳುತ್ತೆ. ಕೋಟೆ_ಕೇರಿಯವರು ಬರೆದ ‘ಇಟ್ಟಿಗೆಯ ಮುಖವೂ ಸೇರಿ ಕಿತ್ತು ಬರ್ತಿದೆ’ ಅನ್ನೋದು ಇದೇ. ಚಿಕನ್ ಮೆಶ್ ಬಗ್ಗೆ ಹೇಳಲೇಬೇಕಿಲ್ಲ, ಒದ್ದೆ ಗೋಡೆಗೆ ತುಕ್ಕು ಹಿಡಿಯೋ ತಂತಿಯನ್ನ ದುಡ್ಡು ಕೊಟ್ಟು ಹೊಡೆಸಿದ ಹಾಗೆ.

ಗೋಡೆ ಕೆಲಸ ಹೀಗೆ:

ಹಳೇ ಸಿಮೆಂಟ್ ತೆಗೆಯೋಕೆ ಬ್ರೇಕರ್ ಮೆಷಿನ್ ಬೇಡ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದಡಿ ಚೌಕ ಉಳಿಯಿಂದ ಬಿಡಿಸಿ ನೋಡಿ. ಟೊಳ್ಳು ಸದ್ದು ಬರೋದು ಸಲೀಸಾಗಿ ಬರುತ್ತೆ. ಗಟ್ಟಿ ಹಿಡಿದಿದ್ರೆ ಗ್ರೈಂಡರ್‌ನಲ್ಲಿ ಒಂದೊಂದಡಿ ಚೌಕ ಗೀರಿ, ಪ್ಲಾಸ್ಟರಿನ ದಪ್ಪಕ್ಕಿಂತ ಬ್ಲೇಡು ಒಳಗೆ ಹೋಗಬಾರದು, ಆಮೇಲೆ ಅಂಚಿನಿಂದ ಎಬ್ಬಿಸಿ. ಸಂದಿನ ಗಾರೆ ಪುಡಿಯಾಗಿದ್ರೆ ಮುಕ್ಕಾಲು ಇಂಚು ಆಳ ಕೆದಕಿ. ಒಣ ಬ್ರಷ್‌ನಿಂದ ಉಪ್ಪು ಗುಡಿಸಿ ಬುಟ್ಟಿಗೆ ತುಂಬಿ ಹೊರಗೆ ಹಾಕಿ. ನೀರು ಹೊಡೆದು ತೊಳೆದ್ರೆ ಉಪ್ಪು ಮತ್ತೆ ಗೋಡೆಗೇ ಇಳಿಯುತ್ತೆ. ದೋಣಿ ಸರಿಮಾಡಿ ಒಂದು ತಿಂಗಳಾದ್ರೂ ಗೋಡೆ ಆರಲು ಬಿಡಿ.

ಸುಣ್ಣ: ಸುಟ್ಟ ಸುಣ್ಣದ ಕಲ್ಲು ಸಿಕ್ಕಿದ್ರೆ ನೀರಿಗೆ ಸುಣ್ಣ ಹಾಕಿ ಅರಳಿಸಿ, ಸುಣ್ಣದ ಮೇಲೆ ನೀರು ಸುರಿಯಬೇಡಿ; ಕುದ್ದು ಸಿಡಿಯುತ್ತೆ, ಕಣ್ಣಿಗೆ ಬಿದ್ರೆ ಕಣ್ಣೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಗುಂಡಿ ಹತ್ತಿರ ಬಿಡಬೇಡಿ. ಸೋಸಿ ಮೇಲೆ ಎರಡು ಬೆರಳು ನೀರು ನಿಲ್ಲೋ ಹಾಗೆ ಗುಂಡಿಯಲ್ಲಿಡಿ, ಹಳೇದಾದಷ್ಟೂ ಬೆಣ್ಣೆ ಥರ ಆಗುತ್ತೆ. ಈಗ ಅರಳಿಸಿದ್ರೆ ಮಾರ್ಚ್ ಹೊತ್ತಿಗೆ ಚೆನ್ನಾಗಿರುತ್ತೆ. ಚೀಲದ ಸುಣ್ಣವಾದ್ರೆ ತಾಜಾ ಚೀಲ ನೋಡಿ ತಗೊಳ್ಳಿ, ಕನಿಷ್ಠ ಒಂದು ದಿನ ನೀರಲ್ಲಿ ನೆನೆಸಿ. ಹಳೇ ಚೀಲ ಗಾಳಿಗೆ ಸತ್ತಿರುತ್ತೆ, ಅದು ಸುಣ್ಣ ಅಲ್ಲ, ಸೀಮೆಸುಣ್ಣದ ಪುಡಿ.

ಮೊದಲ ಪದರ ಅರ್ಧ ಇಂಚು: ಒಂದು ಪಾಲು ಸುಣ್ಣದ ಮುದ್ದೆ, ಒಂದು ಪಾಲು ಸುರ್ಕಿ (ಇಟ್ಟಿಗೆ ಪುಡಿ), ಎರಡು ಪಾಲು ಮರಳು. ಎರಡನೇದು ಕಾಲು ಇಂಚಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಜರಡಿ ಹಿಡಿದ ಸಣ್ಣ ಮರಳು. ಪದರಗಳ ನಡುವೆ ವಾರ ಬಿಡಿ, ಒದ್ದೆ ಗೋಣಿ ಇಳಿಬಿಟ್ಟು ನೇರ ಬಿಸಿಲು ತಾಗದ ಹಾಗೆ ನೋಡ್ಕೊಳ್ಳಿ. 100 ಚದರಡಿಗೆ ಅರ್ಧ ಇಂಚು ಅಂದ್ರೆ ಲೆಕ್ಕಕ್ಕೆ 4 ಘನ ಅಡಿ ಚಿಲ್ಲರೆ ಗಾರೆ. ಇಟ್ಟಿಗೆಯ ಕೊರಕಲು ತುಂಬೋದೂ ಸೇರಿ ಐದೂವರೆ ಹಿಡಿಯಿರಿ. ಸುರ್ಕಿಗೆ ಹದವಾಗಿ, ಸ್ವಲ್ಪ ಕಡಿಮೆಯೇ ಬೆಂದ ಇಟ್ಟಿಗೆಯ ಪುಡಿ ಬೇಕು. ಕಪ್ಪಗೆ ಸುಟ್ಟ ಇಟ್ಟಿಗೆಯದ್ದು ಸುಣ್ಣದ ಜೊತೆ ಸೇರಲ್ಲ, ಬರೀ ಮರಳಿನ ಹಾಗೆ ಬಿದ್ದಿರುತ್ತೆ.

ಬೆಲ್ಲ, ಅಳಲೆಕಾಯಿ ಬೇಕಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಹದವಾಗಿ ಹಾಕಿದ್ರೆ ಗಾರೆ ಮಣಿಯುತ್ತೆ, ಬಿರುಕು ಕಡಿಮೆ. ಜಾಸ್ತಿ ಬೆಲ್ಲ ಹಾಕಿದ್ರೆ ಗಟ್ಟಿಯಾಗೋಕೆ ತಡವಾಗುತ್ತೆ, ಬೂಷ್ಟು, ಇರುವೆ ಬೇರೆ. ಮೊದಲು ಎರಡಡಿ ಚೌಕ ಬಳಿದು ಎರಡು ವಾರ ನೋಡಿ, ಆಮೇಲೆ ತೀರ್ಮಾನ ಮಾಡಿ.

ಕಾರ್ನಿಸ್‌ನಲ್ಲಿ ಎಲ್ಲರೂ ತಪ್ಪೋದು ಒಂದೇ ಕಡೆ. ಅದರ ಹೊಟ್ಟೆಯ ಕೆಳಗೆ, ಹೊರ ಅಂಚಿಗೆ ಹತ್ತಿರ, ಬೆರಳು ಹೋಗುವಷ್ಟು ಒಂದು ಗೀರು ಇರುತ್ತೆ. ನೀರು ಅಲ್ಲೇ ಕತ್ತರಿಸಿ ಬೀಳಲಿ ಅಂತ ಇಟ್ಟದ್ದು. ರಿಪೇರಿ ಮಾಡೋರು ಅದನ್ನ ‘ಒಡೆದಿದೆ’ ಅಂದ್ಕೊಂಡು ಸಿಮೆಂಟ್ ತುಂಬ್ತಾರೆ, ಆಮೇಲೆ ನೀರು ಕಾರ್ನಿಸ್ ಹೊಟ್ಟೆ ಸವರಿಕೊಂಡು ಗೋಡೆಗೆ ಬರುತ್ತೆ. ಚೆನ್ನಾಗಿ ಉಳಿದಿರೋ ಒಂದು ತುಂಡಿನ ಮೇಲೆ ತಗಡಿನಲ್ಲಿ ಆಕಾರ ತೆಗೆದು, ಆ ತಗಡನ್ನ ಮರದ ಜಾರುಪಟ್ಟಿಗೆ ಹೊಡೆದು, ಹಸಿ ಗಾರೆ ಮೇಲೆ ಎಳೆದ್ರೆ ಹೊಸ ಭಾಗ ಹಳೇದಕ್ಕೆ ಕೂಡುತ್ತೆ. ಒಂದೇ ಸಲ ಎರಡಿಂಚು ದಪ್ಪ ಬಳಿದು ಎಳೆಯಬೇಡಿ, ಜೋತು ಬೀಳುತ್ತೆ. ಅರ್ಧರ್ಧ ಇಂಚಾಗಿ ಏರಿಸಿ.

ಅರಳಿ ಸಸಿಯನ್ನ ಕೀಳಬೇಡಿ. ಬೇರು ಒಳಗೆ ಉಳಿಯುತ್ತೆ, ಮೇಲೆ ಇಟ್ಟಿಗೆ ಬರುತ್ತೆ. ಬುಡ ಕತ್ತರಿಸಿ, ಹಸಿ ಗಾಯಕ್ಕೆ ತಕ್ಷಣ ಕಳೆನಾಶಕ ಹಚ್ಚಿ, ಬೇರು ಪೂರ್ತಿ ಒಣಗಿದ ಮೇಲೆ ಬಿಡಿಸಿ ಸುಣ್ಣದ ಗಾರೆ ತುಂಬಿ.

ತೊಲೆ_ಜಂತೆ

ಗೋಡೆ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಕಬ್ಬಿಣಕ್ಕೆ ಬರ್ತೀನಿ.

ಆ 4 ಇಂಚಿನ ಸ್ಲ್ಯಾಬ್ ಬೇಡವೇ ಬೇಡ. ಚದರ ಮೀಟರಿಗೆ 250 ಕಿಲೋ. ಮುಂದಿನ 600 ಚದರಡಿ ಹಾಲ್‌ಗೆ ಮಾತ್ರ ಹಾಕಿದ್ರೂ ಸುಮಾರು 14 ಟನ್ ಹೊಸ ಭಾರ, ತುಕ್ಕು ಹಿಡಿದ ತೊಲೆಯ ಮೇಲೆ! ಜಾಕ್ ಆರ್ಚ್‌ನಲ್ಲಿ ಭಾರವನ್ನೆಲ್ಲ ಹೊರೋದು ತೊಲೆ. ಮೇಲೆ ಕಾಂಕ್ರೀಟ್ ಸುರಿದ ಮಾತ್ರಕ್ಕೆ ತೊಲೆಗೆ ಬಲ ಬರಲ್ಲ. ಈಗಾಗಲೇ ನೆಲದ ಮೇಲೆ ಎಷ್ಟು ಪದರ ಕೂತಿದೆ ಅಂತ ಒಂದು ಕಡೆ ಅರ್ಧ ಅಡಿ ಚೌಕ ಬಗೆದು ನೋಡಿ. ಎರಡಿಂಚಿನ ಒಂದೊಂದು ಸಿಮೆಂಟ್ ಪದರವೂ ಚದರ ಮೀಟರಿಗೆ 110–120 ಕಿಲೋ. ಅದನ್ನ ಇಳಿಸಿದ್ರೇ ಎಷ್ಟೋ ಸಲ ಅರ್ಧ ರಿಪೇರಿ ಆದ ಹಾಗೆ.

ತೊಲೆ ಪರೀಕ್ಷೆ: ಸುತ್ತಿಗೆ, ತಂತಿ ಬ್ರಷ್‌ನಿಂದ ಗಟ್ಟಿ ಲೋಹ ಸಿಗೋವರೆಗೆ ಕೆರೆದು, ಕ್ಯಾಲಿಪರ್‌ನಲ್ಲಿ ಕೆಳ ಅಂಚಿನ ದಪ್ಪ ನಾಲ್ಕೈದು ಕಡೆ ಅಳೆಯಿರಿ. ಒಳಗಿನ ಒಣ ತೊಲೆಯ ಅದೇ ಜಾಗಕ್ಕೆ ಹೋಲಿಸಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬುತ್ತೆ, ಹಾಗಾಗಿ ನೋಡೋಕೆ ಭಯಂಕರ ಇದ್ರೂ ಒಳಗೆ ಲೋಹ ಚೆನ್ನಾಗಿರಬಹುದು. ನಷ್ಟ ಹತ್ತರಲ್ಲೊಂದು ಪಾಲಿನ ಒಳಗಿದ್ರೆ ಸಾಮಾನ್ಯವಾಗಿ ಶುಚಿಮಾಡಿ ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೋಟ್, ಮೇಲೆ ಎನಾಮಲ್. ಅದಕ್ಕಿಂತ ಹೆಚ್ಚಿದ್ರೆ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಲೇಬೇಕು. ಅವರಿಗೆ ತೊಲೆಯ ಎತ್ತರ, ಅಂಚಿನ ಅಗಲ, ದಪ್ಪ ಎಲ್ಲ ಅಳೆದೇ ಕೊಡಿ. ಹಳೇ ಇಂಗ್ಲಿಷ್ ತೊಲೆ ಇಂಚಿನ ಲೆಕ್ಕದ್ದು, ಇವತ್ತಿನ ಐಎಸ್‌ಎಂಬಿ (ಭಾರತೀಯ ಮಾನಕದ ಉಕ್ಕಿನ ತೊಲೆ) ಪಟ್ಟಿಗೆ ಹೊಂದಲ್ಲ.

ನಿಜವಾಗಿ ಕೊಳೆತಿರೋದು ಗೋಡೆ ಒಳಗಿನ ತುದಿ. ಹೊರಗೆ ಕಾಣೋದು ಎಷ್ಟೇ ಚೆನ್ನಾಗಿರಲಿ, ದೋಣಿಯ ಕೆಳಗೆ ಬರೋ ಎರಡು ತೊಲೆಯ ತುದಿಯನ್ನ ಗೋಡೆ ಬಿಡಿಸಿ ನೋಡಲೇಬೇಕು. ಅದಕ್ಕೆ ಮುಂಚೆ ಕೆಳಗೆ ಜಾಕಿ ಕೊಟ್ಟಿರಬೇಕು. ಮುಚ್ಚುವಾಗ ತೊಲೆಯ ಕೆಳಗೆ ಕಲ್ಲಿನ ಹಾಸು, ತುದಿಗೂ ಬದಿಗೂ ಅರ್ಧ ಇಂಚು ಗಾಳಿ ಜಾಗ. ಸಿಮೆಂಟ್ ಗಿಡಿದು ಮುಚ್ಚಬೇಡಿ.

ತಳಕ್ಕೆ ಪ್ಲೇಟ್ ಬೆಸುಗೆ ಹಾಕೋದಾದ್ರೆ ಮೊದಲು ಜಾಕಿಯಿಂದ ತೊಲೆಯ ಭಾರ ಇಳಿಸಿ. ಭಾರ ಹೊತ್ತಿರುವಾಗಲೇ ಹಾಕಿದ ಪ್ಲೇಟು ಆಮೇಲೆ ಬರೋ ಭಾರಕ್ಕೆ ಮಾತ್ರ ಹೆಗಲು ಕೊಡುತ್ತೆ, ಇದ್ದದ್ದಕ್ಕಲ್ಲ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತು. ಒಂದು ಅಂಕಣದ (ಎರಡು ತೊಲೆ ನಡುವಿನ ಭಾಗದ) ಇಟ್ಟಿಗೆ ಕಮಾನನ್ನ ಮಾತ್ರ ಒಡೆಯಬೇಡಿ. ಕಮಾನು ತೊಲೆಯನ್ನ ಪಕ್ಕಕ್ಕೆ ತಳ್ತಾ ಇರುತ್ತೆ, ಪಕ್ಕದ ಕಮಾನು ಅದನ್ನ ಎದುರಿಂದ ತಡೀತಾ ಇರುತ್ತೆ. ಒಂದನ್ನ ತೆಗೆದ್ರೆ ತೊಲೆ ಆ ಕಡೆ ಓರೆಯಾಗಿ ಪಕ್ಕದ್ದೂ ಸಾಲಾಗಿ ಕುಸೀಬಹುದು. ಕೊನೆಯ ಅಂಕಣದಲ್ಲಿ ಆ ತಳ್ಳಾಟ ಹಿಡಿಯೋಕೇ 20–25 ಮಿ.ಮೀ. ಕಬ್ಬಿಣದ ಸರಳುಗಳನ್ನ 6–8 ಅಡಿಗೊಂದು ಹಾಕಿರ್ತಾರೆ. ಬಾಲ್ಕನಿಯ ಎರಡೂ ತುದಿಯಲ್ಲಿ ಅವು ಇವೆಯಾ, ನಟ್ಟು ಬಿಗಿ ಇದೆಯಾ ನೋಡಿ. ತುಕ್ಕಿಗೆ ಕತ್ತರಿಸಿದ್ರೆ ಮೊದಲ ಕೆಲಸ ಅದೇ, ಬಾಕಿ ಎಲ್ಲ ಆಮೇಲೆ. ಫ್ಯಾನು, ಲೈಟು ಕಮಾನಿನ ಇಟ್ಟಿಗೆಗೆ ಕೊರೆದು ನೇತುಹಾಕಿದ್ರೆ ಅದನ್ನೂ ಬಿಚ್ಚಿಸಿ. ತೊಲೆಯ ಅಂಚಿಗೆ ಕ್ಲಾಂಪ್ ಸಾಕು.

ಕಂಬ: ಮೊದಲು ಅದು ಬೀಡು ಹೌದಾ ಖಚಿತ ಮಾಡ್ಕೊಳ್ಳಿ. 6 ಮಿ.ಮೀ. ಡ್ರಿಲ್ ಹಾಕಿದಾಗ ಕಪ್ಪು ಪುಡಿ ಉದುರಿದ್ರೆ ಬೀಡು, ಸುರುಳಿ ಸುರುಳಿ ಬಂದ್ರೆ ಉಕ್ಕು. ಅಂಥ ತೂತನ್ನ ಸುತ್ತ ಮೂರು ಕಡೆ ಹಾಕಿ ಟೊಳ್ಳು ಕಂಬದ ಗೋಡೆಯ ದಪ್ಪ ಅಳೆಯಿರಿ. ಅಡ್ಡ ಮಲಗಿಸಿ ಎರಕ ಹೊಯ್ದಾಗ ಒಳ ಅಚ್ಚು ಜರುಗಿ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗಿರೋದು ಸಾಮಾನ್ಯ. ಲೆಕ್ಕಕ್ಕೆ ತೆಳು ಬದಿ ತಗೋಬೇಕು. ಬೀಡು ಒತ್ತಡಕ್ಕೆ ಕಲ್ಲಿನಂತೆ ಗಟ್ಟಿ, ಎಳೆತಕ್ಕೆ, ಹೊಡೆತಕ್ಕೆ ಗಾಜಿನಂತೆ. ಬೋರ್ಡ್ ಹಾಕೋಕೆ ಅಂತ ಅದಕ್ಕೆ ಬೆಸುಗೆ ಹಾಕಿಸಬೇಡಿ, ಬಿಸಿಯಾದ ಜಾಗದ ಪಕ್ಕದಲ್ಲೇ ಸೀಳುತ್ತೆ. ಬಿರುಕು ಅನುಮಾನ ಇದ್ರೆ ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ತೆಳುವಾಗಿ ಸುಣ್ಣದ ತಿಳಿ ಹಚ್ಚಿ. ಬಿರುಕಿದ್ರೆ ಒಳಗಿನ ಎಣ್ಣೆ ಹೊರಬಂದು ಗೆರೆ ಕಾಣುತ್ತೆ. ಫುಟ್‌ಪಾತ್ ಏರಿಸಿ ಏರಿಸಿ ಕಂಬದ ಪಾದ ಹೂತು ಹೋಗಿರುತ್ತೆ. ಬಿಡಿಸಿ, ನೀರು ನಿಲ್ಲದ ಹಾಗೆ ಇಳಿಜಾರು ಕೊಡಿ. ಹಳೇ ಪೇಂಟಿನಲ್ಲಿ ಸೀಸ ಇರೋ ಸಾಧ್ಯತೆ ಹೆಚ್ಚು. ಒಣಗಿಸಿ ಉಜ್ಜಬೇಡಿ, ಬ್ಲೋಲ್ಯಾಂಪ್ ಹಿಡಿಯಬೇಡಿ, ಒದ್ದೆ ಮಾಡಿ ಕೆರೆಯಿರಿ.

ವಯಸ್ಸಿನ ಬಗ್ಗೆ: ಡಾರ್ಮನ್ ಲಾಂಗ್ ಶುರುವಾಗಿದ್ದೇ 1875ರಲ್ಲಿ, ಹಾಗಾಗಿ ಕಟ್ಟಡದ ಈ ಭಾಗ 1865ರದ್ದಾಗೋಕೆ ಸಾಧ್ಯವೇ ಇಲ್ಲ. ಹಾಗಂತ ವಿಕ್ಟೋರಿಯಾ ಕಾಲದ್ದೇ ಅಂತಲೂ ಹೇಳೋಕಾಗಲ್ಲ. ರಾಣಿ ತೀರಿಕೊಂಡದ್ದು 1901ರಲ್ಲಿ, ಆ ನಮೂನೆಯ ಮುಖವನ್ನ ನಮ್ಮ ಕಡೆ ಅದಾದ ಮೇಲೂ ಕಟ್ಟಿದ್ರು. ಟಾಟಾ ಕಾರ್ಖಾನೆಯಲ್ಲಿ ಉಕ್ಕು ಬಂದದ್ದು 1912ರಲ್ಲಿ, ಆಮೇಲೂ ಇಂಗ್ಲೆಂಡ್ ತೊಲೆ ಬರ್ತಾನೇ ಇತ್ತು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ ಅನ್ನೋದು ನೆನಪಿರಲಿ. ಅಷ್ಟು ಉದ್ದದ ತೊಲೆಗಳು ಕೊನೆಯ ಹಾದಿಯನ್ನ ರಸ್ತೆಯಲ್ಲೇ ಸವೆಸಿ ಬಂದಿವೆ.

ಹೆಂಚು_ರೀಪು

1865 ಅನ್ನೋದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ನಿಮ್ಮ ಹೆಂಚು ಬೆಂದ ವರ್ಷ ಅಲ್ಲ. ಎಷ್ಟೋ ಜನ ಅದನ್ನ ನೋಡಿ ಮನೆಗೆ ನೂರೈವತ್ತು ವರ್ಷ ಅಂತಾರೆ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕೈಬದಲಾಗಿ ‘ಕಾಮನ್‌ವೆಲ್ತ್’ ಅಚ್ಚು ಬಂತು. ಎರಡೂ ಇದ್ರೆ ಮಾಡು ಒಮ್ಮೆ ಬಿಚ್ಚಿ ಹೊದಿಸಿದ್ದಾರೆ ಅಂತ ಅರ್ಥ.

ಹೆಂಚು ಇಳಿಸಿದಾಗ ಒಂದೊಂದನ್ನೂ ಬೆರಳಲ್ಲಿ ತಟ್ಟಿ. ಕಂಚಿನ ಹಾಗೆ ಸದ್ದು ಬಂದದ್ದನ್ನ ಇಟ್ಕೊಳ್ಳಿ. ಚದರ ಮೀಟರಿಗೆ ಸುಮಾರು 15 ಬೇಕು. ಹೊಸ ಹೆಂಚನ್ನ ಹಳೇದರ ನಡುವೆ ಸೇರಿಸಬೇಡಿ, ಅಚ್ಚು ಬೇರೆಯಾದ್ರೆ ತುಟಿ ಕೂರಲ್ಲ, ಗಾಳಿ ಮಳೆಗೆ ಅಲ್ಲೇ ಎರಚಲು ನುಗ್ಗುತ್ತೆ. ಉಳಿದ ಹಳೇದನ್ನೆಲ್ಲ ರಸ್ತೆ ಕಡೆ ಇಳಿಜಾರಿಗೆ, ಹೊಸದನ್ನ ಹಿಂದಕ್ಕೆ. ರೀಪಿನ ಅಂತರ ಪುಸ್ತಕ ನೋಡಿ ಹೊಡೀಬೇಡಿ. ಸುಮಾರು 12½ ಇಂಚು ಬರುತ್ತೆ, ಆದ್ರೂ ನಿಮ್ಮ ಹೆಂಚನ್ನೇ ಹತ್ತು ಸಾಲು ನೆಲದಲ್ಲಿ ಜೋಡಿಸಿ ಅಳೆದು ಹತ್ತರಿಂದ ಭಾಗಿಸಿ.

ಕೋಟೆ_ಕೇರಿ

ತುಂಬಾ ಉಪಕಾರ ಆಯ್ತು. ಮೂರು ಪ್ರಶ್ನೆ ಉಳಿದಿವೆ. ದಿನ ಸಾಕಾಗುತ್ತಾ? ಇದು ಪಾರಂಪರಿಕ ಕಟ್ಟಡ ಅಂತ ಪಟ್ಟಿಗೆ ಸೇರಿದ್ರೆ ರಿಪೇರಿಗೇ ಅಡ್ಡಿ ಅಂತ ಬಾಡಿಗೆದಾರರು ಹೆದರಿಸ್ತಾರೆ, ನಿಜವಾ? ಅಂಗಡಿ ಬೋರ್ಡ್ ಎಲ್ಲಿಗೆ ಹಾಕಿಸೋದು?

ತೊಲೆ_ಜಂತೆ

ಪಟ್ಟಿ ಅಂದ್ರೆ ಯಾವ ಪಟ್ಟಿ ಅಂತ ಮೊದಲು ಕೇಳಿ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಸಂರಕ್ಷಿತ ಸ್ಮಾರಕ ಅಂತ ಘೋಷಣೆ ಆದ್ರೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಮುಟ್ಟೋ ಹಾಗಿಲ್ಲ. ಯೋಜನಾ ಪ್ರಾಧಿಕಾರ ಪಾರಂಪರಿಕ ಕಟ್ಟಡ ಅಂತ ಘೋಷಿಸೋದು ಬೇರೆ. ಪರಂಪರೆ ಉಳಿಸೋಕೆ ದುಡಿಯೋ ಇಂಟ್ಯಾಕ್‌ನಂಥ ಸಂಸ್ಥೆಯ ಪಟ್ಟಿಗೆ ಕಾನೂನಿನ ಬಲವೇ ಇಲ್ಲ, ಅದು ದಾಖಲೆ. ನಗರಸಭೆಗೂ ಯೋಜನಾ ಪ್ರಾಧಿಕಾರಕ್ಕೂ ಬರವಣಿಗೆಯಲ್ಲಿ ಕೇಳಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ. ಫುಟ್‌ಪಾತ್ ಮೇಲೆ ಸಾರುವೆ ಕಟ್ಟೋಕೆ ಹೇಗೂ ನಗರಸಭೆ ಒಪ್ಪಿಗೆ ಬೇಕು. ಯಾವ ಪಟ್ಟಿಯಲ್ಲಿ ಇಲ್ಲದಿದ್ರೂ ಬಾಲ್ಕನಿಯ ಕೆಳಗೆ ಜನ ಓಡಾಡ್ತಾರೆ ಅನ್ನೋದು ಇದ್ದೇ ಇದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಎರಡೂ ಆಗಸ್ಟ್, ನೋಡಿ. ಇವತ್ತೇ ಬಾಲ್ಕನಿಗೆ ಜಾಕಿ ಕೊಡಿಸಿ, ಇಂಜಿನಿಯರ್ ಬರೋವರೆಗೆ ಕಾಯಬೇಡಿ. ಜಾಕಿಯ ಪಾದಕ್ಕೆ ಹಲಗೆ ಹಾಸಿ, ತಲೆ ತೊಲೆಗೇ ತಾಗಲಿ, ಕಮಾನಿನ ಇಟ್ಟಿಗೆಗಲ್ಲ.

ಗಾರೆಗಾಣ

ದಿನ ಸಾಕು, ಕ್ರಮ ತಪ್ಪಬಾರದು ಅಷ್ಟೇ. ಜನವರಿಯಲ್ಲೇ ಸುಣ್ಣ ಅರಳಿಸಿ, ಜಾಕಿ ನಿಲ್ಲಿಸಿ. ಫೆಬ್ರವರಿ ಮಧ್ಯದೊಳಗೆ ಹೆಂಚು, ದೋಣಿ, ಪೈಪು, ಜೊತೆಗೆ ಹಳೇ ಸಿಮೆಂಟ್ ಬಿಡಿಸೋದು. ಮಾರ್ಚ್ ಮಧ್ಯದವರೆಗೆ ಗೋಡೆ ಆರಲಿ, ಆ ಹೊತ್ತಲ್ಲಿ ತೊಲೆ, ಕಂಬದ ಕೆಲಸ. ಅಲ್ಲಿಂದ ಏಪ್ರಿಲ್ ಮೂರನೇ ವಾರದವರೆಗೆ ಗಾರೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಶುರು. ಅದು ಕಾಫಿ ತೋಟಕ್ಕೆ ಒಳ್ಳೇದು, ಹಸಿ ಗಾರೆಗಲ್ಲ. ತಡವಾಯ್ತು ಅಂತ ಕಂಡ್ರೆ ಕಾರ್ನಿಸ್ ಎಳೆಯೋದನ್ನ ದೀಪಾವಳಿ ನಂತರಕ್ಕೆ ಬಿಡಿ, ಅದರ ನೆತ್ತಿಗೆ ಮಾತ್ರ ತಗಡು ಹೊದಿಸಿ. ಬಣ್ಣಕ್ಕೆ ಸುಣ್ಣವೇ ಸಾಕು, ನೀರು ನೀರಾಗಿ ನಾಲ್ಕೈದು ಕೋಟ್. ಪ್ಲಾಸ್ಟಿಕ್ ಪೇಂಟ್ ಬಳಿದ್ರೆ ಸಿಮೆಂಟ್ ಬೇಡ ಅಂದದ್ದೆಲ್ಲ ದಂಡ.

ಬೋರ್ಡ್ ವಿಷಯ: ಕಾರ್ನಿಸ್‌ಗೂ ಚಪ್ಪಟೆ ಕಂಬಕ್ಕೂ ಬೋಲ್ಟ್ ಹೊಡೆಸಬೇಡಿ. ಅಂಗಡಿಯ ಕಮಾನಿನ ಒಳಗೆ, ಬಾಗಿಲ ಚೌಕಟ್ಟಿನ ಮರಕ್ಕೆ ಹಾಕಿ. ಗೋಡೆಗೇ ಬೇಕು ಅಂದ್ರೆ ಇಟ್ಟಿಗೆ ಕೊರೆಯದೆ ಸಂದಿನ ಗಾರೆಯಲ್ಲಿ ತೂತು, ಸ್ಟೇನ್‌ಲೆಸ್ ಸ್ಕ್ರೂ, ಬೋರ್ಡಿಗೂ ಗೋಡೆಗೂ ನಡುವೆ ಒಂದಿಂಚು ಸಂದು. ಎಸಿಯಿಂದ ತೊಟ್ಟಿಕ್ಕೋ ನೀರಿನ ಕೊಳವೆಯನ್ನೂ ಹಾಗೇ ಗೋಡೆಗೆ ಬಿಟ್ಟಿದ್ದಾರಾ ನೋಡ್ಕೊಳ್ಳಿ. ಇದ್ರೆ ಇಳಿಪೈಪಿಗೆ ಸೇರಿಸಿ.